ಹಾಸು ಮುಗಿಯುವ ತನಕ

ಇಳಕಲ್ಲಿನ ನೇಕಾರ ಓಣಿಯಲ್ಲಿ ಸೊಸೆ ತರುವಾಗ ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ ಎಂದರೆ ಹೊರಗಿನವರು ನಗುತ್ತಾರೆ. ನಗುವಂಥದ್ದೇನಿಲ್ಲ. ಕುಣಿಮಗ್ಗದ ಮನೆಯಲ್ಲಿ ನೆಲದೊಳಗೇ ಒಂದು ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ತಳದಲ್ಲಿರುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಕೈ ಲಾಳಿ ಎಸೆಯುತ್ತದೆ, ಕಣ್ಣು ಅಂಚು ಕಾಯುತ್ತದೆ. ಕುಣಿಯ ಕತ್ತಲಲ್ಲಿ ಕಾಲಿಗೆ ಮಾತ್ರ ಯಾರ ನೆರವೂ ಇಲ್ಲ, ಯಾವ ಹಲಗೆ ಎಲ್ಲಿದೆ ಎಂಬುದನ್ನು ಅದು ಮುಟ್ಟಿಯೇ ತಿಳಿಯಬೇಕು. ಶಿರೂರಿನಿಂದ ಭುವನೇಶ್ವರಿಯನ್ನು ತರುವಾಗ ಅತ್ತೆ ಗುರುಸಿದ್ದವ್ವ ಆಕೆಯ ಪಾದ ಹಿಡಿದು ತಿರುಗಿಸಿ ನೋಡಿ, "ಕಾಲು ಛಲೋ ಅದಾವ, ನಡೀತೈತಿ" ಎಂದಿದ್ದಳು. ಎತ್ತು ಕೊಳ್ಳುವವರು ಇದಕ್ಕಿಂತ ನಾಲ್ಕು ಮಾತು ಹೆಚ್ಚು ಆಡುತ್ತಾರೆ.

ನಡೆಯಿತು, ಚೆನ್ನಾಗಿಯೇ ನಡೆಯಿತು. ಭುವನೇಶ್ವರಿ ನೇಯ್ದ ಸೆರಗಿಗೆ ಓಣಿಯಲ್ಲಿ ಹೆಸರಿತ್ತು. ಗಂಡ ಅಂದಪ್ಪ ಆ ಸೀರೆಗಳ ಗಂಟು ಹೊತ್ತು ಸೊಲ್ಲಾಪುರ, ಮೀರಜ ಎಂದು ತಿರುಗುತ್ತಿದ್ದ. ಸೀರೆ ಅಲ್ಲಿ ಬಿಟ್ಟು ಬರುತ್ತಿದ್ದ, ಅಲ್ಲಿಂದ ಒಂದು ರೋಗ ತಂದ. ಅದನ್ನು ಹೆಂಡತಿಗೂ ಕೊಟ್ಟು, ಒಣಗಿ ಒಣಗಿ ಸತ್ತ. ಸಾಯುವ ಮೊದಲು ಬಾಗಲಕೋಟೆಯ ದವಾಖಾನೆಯಲ್ಲಿ ಇಬ್ಬರ ರಕ್ತವನ್ನೂ ನೋಡಿ, ಇಬ್ಬರಿಗೂ ಎಚ್‌ಐವಿ ಇದೆ ಎಂದು ಹೇಳಿದ್ದರು. "ನಮ್ಮವ್ವಗ ಹೇಳಬ್ಯಾಡ" ಎಂದು ಅಂದಪ್ಪ ಹೆಂಡತಿಯ ಕೈ ಹಿಡಿದು ಭಾಷೆ ತೆಗೆದುಕೊಂಡ. ಸತ್ತವನಿಗೆ ಏನು, ಭಾಷೆ ತಗೊಂಡು ಹೋದ. ಇಟ್ಟುಕೊಂಡು ಬಾಳುವ ಕರ್ಮ ಬದುಕಿದ್ದವಳದು. ಓಣಿಗೆ ಆತ ಕಾಮಾಲೆಯಿಂದ ಸತ್ತ, ಮನೆಯವರಿಗೂ ಅಷ್ಟೇ.

ಮಕ್ಕಳಾಗಿರಲಿಲ್ಲ. ಮಕ್ಕಳಿಲ್ಲದ ವಿಧವೆಗೆ ಆ ಮನೆಯಲ್ಲಿ ಇದ್ದ ಹಕ್ಕೆಂದರೆ ಕುಣಿಯ ಅಂಚಿನ ಮೇಲೆ ಕೂರುವ ಮೊಳದಗಲದ ಜಾಗ ಒಂದೇ. ಅಲ್ಲಿ ಕೂತು ನೇಯುವ ತನಕ ರೊಟ್ಟಿ, ನೇಯುವುದು ನಿಂತರೆ ಶಿರೂರಿನ ದಾರಿ. ಶಿರೂರಿನಲ್ಲಿ ತಂದೆತಾಯಿ ಹೋಗಿ, ಅಣ್ಣನ ಹೆಂಡತಿ ಬಾಗಿಲು ಅರ್ಧವೇ ತೆರೆಯುವ ಕಾಲ ಬಂದಿತ್ತು. ಇದನ್ನು ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಔಷಧಕ್ಕೆ ಹುನಗುಂದಕ್ಕೆ ಹೋದರೆ ಸಾಕಿತ್ತು. ಆದರೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಕಲ್ಲಿನವರು ಸಿಗದ ದಿನವಿಲ್ಲ. ಹಾಗಾಗಿ ಬಾಗಲಕೋಟೆಯವರೆಗೆ ಹೋಗುತ್ತಿದ್ದಳು. ಮನೆಯಲ್ಲಿ ಬನಶಂಕರಿಗೆ ಹರಕೆ ಇದೆ ಎನ್ನುತ್ತಿದ್ದಳು. ನೇಕಾರರ ಮನೆಯಲ್ಲಿ ಬನಶಂಕರಿಗೆ ಹೋಗಬೇಡ ಎನ್ನುವ ಗಂಡೆದೆ ಯಾರಿಗೂ ಇಲ್ಲ. ಆದರೆ ಹೋದವರು ಕುಂಕುಮ, ಪ್ರಸಾದ ತರಬೇಕಲ್ಲ. ಬಾಗಲಕೋಟೆಯಲ್ಲಿ ಗುಳಿಗೆ ಇಸಿದುಕೊಂಡು, ಅಲ್ಲಿಂದ ಬದಾಮಿ ಬಸ್ಸು ಹತ್ತಿ, ದೇವಿಯ ಮುಂದೆ ನಿಂತು, ಕುಂಕುಮ ಕಟ್ಟಿಸಿಕೊಂಡು ಸಂಜೆಗೆ ಮನೆ ಸೇರುತ್ತಿದ್ದಳು. ಒಂದು ಸುಳ್ಳಿಗೆ ಅಷ್ಟು ದೂರದ ಪ್ರಯಾಣ. ದೇವಿ ಏನೂ ಅನ್ನಲಿಲ್ಲ, ಆಕೆಗೆ ಇಂಥವರನ್ನು ಕಂಡು ರೂಢಿ ಇರಬೇಕು.

ಗುಳಿಗೆಗಳನ್ನು ರಕ್ತ ಕಡಿಮೆ ಇದ್ದದ್ದಕ್ಕೆ ಎಂದು ಹೇಳಿದ್ದಳು. ವರ್ಷಗಟ್ಟಲೆ ಹಾಗೇ ನಡೆಯಿತು. ಆಮೇಲೆ ಒಂದು ಸಲ ಬಾಗಲಕೋಟೆಯಲ್ಲಿ ಇನ್ನೆರಡು ಬಗೆಯ ಗುಳಿಗೆ ಸೇರಿಸಿ ಕೊಟ್ಟರು. ಒಂದು ಟಿಬಿ ಬಾರದಂತೆ ಕೆಲವು ತಿಂಗಳು ತಿನ್ನುವುದು. ಇನ್ನೊಂದು ಸಣ್ಣದು. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಕೊಡುವವರು ಅವಸರದಲ್ಲಿ, "ದೊಡ್ಡದು ಟಿಬಿ ಬರಬಾರದಂತ, ಸಣ್ಣದು ಶಕ್ತಿಗೆ. ಎರಡೂ ತಪ್ಪಿಸಬ್ಯಾಡ್ರಿ" ಎಂದರು. ಭುವನೇಶ್ವರಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಗುರುಸಿದ್ದವ್ವನ ಕಣ್ಣು ತಪ್ಪಿಸಿ ಆ ಮನೆಗೆ ಜಿರಲೆಯೂ ಬರುವಂತಿಲ್ಲ. ಹೊಸ ಗುಳಿಗೆ ಕಂಡವಳೇ ಕೇಳಿದಳು.

"ಇವು ಯಾವು?"

"ದೊಡ್ಡವು ರಕ್ತಕ್ಕರಿ ಅತ್ತಿ. ಸಣ್ಣವು ಶಕ್ತಿಗೆ."

"ಶಕ್ತಿಗೆ?" ಅತ್ತೆ ಸಣ್ಣ ಗುಳಿಗೆಯ ಹಾಳೆಯನ್ನು ಬೆಳಕಿಗೆ ಹಿಡಿದಳು. "ಮನ್ಯಾಗ ದುಡಿಯೂ ಗಂಡಸ ಮಗ ಅದಾನ, ಹಗಲೆಲ್ಲಾ ಗಂಟು ಎತ್ತಿ ಇಳಸ್ತಾನ. ನನಗ ಮೊಣಕಾಲು ಹಿಡದಾವ. ಕುಂತು ನೇಯಾಕಿಗೆ ಯಾತರ ಶಕ್ತಿ?"

ಇದು ಆ ಮನೆಯ ಶಾಸ್ತ್ರ. ತುಪ್ಪ ಬಂದರೆ ಮೊದಲು ಮೈದುನ ವಿಜಯಮಹಾಂತೇಶನ ರೊಟ್ಟಿಗೆ, ಹಾಲಿನ ಕೆನೆ ಅತ್ತೆಯ ಬಟ್ಟಲಿಗೆ, ಸೊಸೆಗೆ ಮಜ್ಜಿಗೆ. ಶಕ್ತಿ ಎಂಬುದು ಗುಳಿಗೆಯ ರೂಪದಲ್ಲಿ ಬಂದರೂ ಅದಕ್ಕೆ ಬೇರೆ ನ್ಯಾಯವಿಲ್ಲ. ಒಂದು ದಿನ ಅತ್ತೆ, ಒಂದು ದಿನ ಮೈದುನ, ಪಾಳಿ ಹಾಕಿ ತಿಂದರು. ಖರೆ ಹೇಳಬೇಕೆಂದರೆ ಭುವನೇಶ್ವರಿಗೆ ಇದು ಸಮಾಧಾನದ ಸಂಗತಿಯೇ ಆಗಿತ್ತು. ಸಣ್ಣದನ್ನು ತಿಂದುಕೊಂಡು ದೊಡ್ಡದರ ಸುದ್ದಿಗೆ ಬಾರದಿದ್ದರೆ ಸಾಕು, ನಾಯಿಗೆ ತುಣುಕು ಎಸೆದು ಬಾಗಿಲು ದಾಟಿದ ಹಾಗೆ ಎಂದುಕೊಂಡಳು. ಪ್ರತಿ ಸಲ ಹೊಸ ಹಾಳೆ ತಂದಾಗ ತಾನೇ ಅತ್ತೆಯ ಕೈಗೆ ಕೊಡತೊಡಗಿದಳು. ಗುರುಸಿದ್ದವ್ವನ ಮುಖ ತುಂಬಿಕೊಂಡಿತು. "ಛಲೋ ಗುಳಿಗಿ" ಎಂದು ನೆರೆಮನೆಯ ಅಮೀನಬಿಯ ಮುಂದೆ ಹೊಗಳಿದಳು. ಸೊಸೆಯನ್ನು ಆಕೆ ಎಂದೂ ಅಷ್ಟು ಹೊಗಳಿದವಳಲ್ಲ.

ಕೆಲವು ತಿಂಗಳಲ್ಲಿ ಭುವನೇಶ್ವರಿಯ ಕಾಲ್ಬೆರಳಿನಲ್ಲಿ ಇರುವೆ ಹರಿದಂತೆ ಆಗತೊಡಗಿತು. ನೋಡಿದರೆ ಇರುವೆ ಇಲ್ಲ. ಆಮೇಲೆ ಅಂಗಾಲು ಉರಿಯತೊಡಗಿತು. ಖಾರ ಕುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೆ ಒತ್ತಿಕೊಂಡರೆ ಹೇಗೋ ಹಾಗೆ, ಎರಡೂ ಪಾದ ಒಂದೇ ಸಮ. ಮಲಗಿದರೆ ಹೆಚ್ಚು. ಹೊದಿಕೆಯ ಅಂಚು ತಾಗಿದರೆ ಜೀವ ಹೋದಂತಾಗಿ, ಕಾಲನ್ನು ಹೊದಿಕೆಯ ಹೊರಗಿಟ್ಟೇ ಮಲಗುತ್ತಿದ್ದಳು. ಇನ್ನೊಂದು ವಿಚಿತ್ರವೆಂದರೆ, ಇಷ್ಟು ಉರಿಯುವ ಕಾಲಿಗೆ ನೆಲದ ಗುರುತು ಹತ್ತುತ್ತಿರಲಿಲ್ಲ. ಚಪ್ಪಲಿ ಕಳಚಿ ಬಿದ್ದರೂ ನಾಲ್ಕು ಹೆಜ್ಜೆ ನಡೆದಮೇಲೆ ಗೊತ್ತಾಗುತ್ತಿತ್ತು.

ಓಣಿಯಲ್ಲಿ ಇದಕ್ಕೆ ಹೆಸರು ಸಿದ್ಧವಿತ್ತು: ಕುಣಿಯ ಥಂಡಿ. ನೆಲದೊಳಗಿನ ತಂಪು ಜನ್ಮವಿಡೀ ಕಾಲಿಗೆ ಏರಿದರೆ ನೇಕಾರರಿಗೆ ಕಾಲು ನೋಯದೆ ಇರುತ್ತದೆಯೇ. ಮುದುಕರೆಲ್ಲ ಅದೇ ಅಂದರು. ಭುವನೇಶ್ವರಿಯೂ ನಂಬಿದಳು, ಯಾಕೆಂದರೆ ನಂಬುವುದು ಸುಲಭವಾಗಿತ್ತು. ಬಾಗಲಕೋಟೆಯಲ್ಲಿ ಕಾಲಿನಲ್ಲಿ ಉರಿ ಗಿರಿ ಏನಾದರೂ ಇದೆಯಾ ಎಂದು ಕೇಳಿದಾಗ ಇಲ್ಲ ಎಂದೇ ಹೇಳಿದ್ದಳು. ಥಂಡಿಗೂ ಈ ರೋಗಕ್ಕೂ ಏನು ಸಂಬಂಧ? ಇನ್ನೊಂದು ಗುಳಿಗೆ ಕೊಟ್ಟರೆ ಇನ್ನೊಂದು ಸುಳ್ಳು ಹೇಳಬೇಕು.

ಆದರೆ ಮಗ್ಗ ಸುಳ್ಳು ಹೇಳಲಿಲ್ಲ. ಕಾಲು ಒಂದು ಹಲಗೆ ಎಂದು ಇನ್ನೊಂದನ್ನು ತುಳಿಯಿತು. ಅಂಚಿನಲ್ಲಿ ಎಳೆ ತಪ್ಪಿತು. ವ್ಯಾಪಾರಿ ಒಂದು ಸೀರೆ ವಾಪಸು ಕಳಿಸಿದ, ಆಮೇಲೆ ಇನ್ನೊಂದು. ವಾಪಸು ಬಂದ ಸೀರೆಯನ್ನು ಗುರುಸಿದ್ದವ್ವ ಸೊಸೆಯ ತೊಡೆಯ ಮೇಲೆ ಹಾಕಿ, ಏನೂ ಅನ್ನದೆ, ಆ ದಿನ ರೊಟ್ಟಿ ಒಂದು ಕಡಿಮೆ ಕೊಟ್ಟಳು. ಎರಡನೆಯ ಸೀರೆಗೆ ಬಾಯಿ ಬಿಟ್ಟಳು.

"ಕಾಲು ನೋಯ್ತಾವಂತ ನೀ ಸೋಗು ಹಾಕಾಕತ್ತಿ. ನೇಯಾಕ ಆಗದಿದ್ರ ಹೇಳಿಬಿಡು, ಶಿರೂರ ಬಸ್ಸು ದಿನಾ ಐತಿ."

"ನೇಯ್ತೇನ್ರಿ ಅತ್ತಿ. ಥಂಡಿ ಹಿಡದೈತಿ, ಅಷ್ಟ."

"ಥಂಡಿಗೆ ಔಷಧ ಐತಿ" ಎಂದು ಅತ್ತೆ ಒಂದು ಬೋಗುಣಿಯಲ್ಲಿ ಒಲೆಯ ಕೆಂಡ ತುಂಬಿ, ಬೂದಿ ಮುಚ್ಚಿ, ಕುಣಿಯ ತಳದಲ್ಲಿ ಇಟ್ಟಳು. ಚಳಿಗಾಲದಲ್ಲಿ ಓಣಿಯ ಮುದುಕರು ಮಾಡಿಕೊಳ್ಳುವ ಉಪಾಯ ಅದು. ಅವರ ಕಾಲಿಗೆ ಬಿಸಿ ಹತ್ತಿದರೆ ಹಿಂದೆ ಎಳೆದುಕೊಳ್ಳುವಷ್ಟು ಜೀವ ಇರುತ್ತದೆ.

ಭುವನೇಶ್ವರಿ ನೇಯುತ್ತಾ ಇದ್ದಳು. ಉರಿ ಇತ್ತು, ಅದು ದಿನವೂ ಇರುವ ಉರಿ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಕಮಟು ವಾಸನೆ ಹಬ್ಬಿತು. ಗುರುಸಿದ್ದವ್ವ ಒಳಗೆ ಹೋಗಿ ಒಲೆ ನೋಡಿ ಬಂದಳು, ಹೊರಗೆ ಹೋಗಿ ಅಮೀನಬಿಯನ್ನು ಕೇಳಿ ಬಂದಳು. "ಯಾರ ಮನ್ಯಾಗೋ ಏನೋ ಹೊತ್ತೈತಿ ನೋಡ" ಎಂದು ಸೊಸೆಗೆ ಹೇಳಿದಳು. ಭುವನೇಶ್ವರಿಯೂ ಮೂಗು ಎತ್ತಿ ನೋಡಿ ಹೌದು ಎಂದಳು. ಮತ್ತೆ ಲಾಳಿ ಎಸೆದಳು. ಊಟಕ್ಕೆಂದು ಕಾಲು ಮೇಲೆತ್ತಿದಾಗ ಬಲಗಾಲಿನ ಕಿರುಬೆರಳು, ಅದರ ಪಕ್ಕದ ಮಾಂಸ ಬೆಂದು ಕರಿ ತಿರುಗಿತ್ತು. ಅಳಲಿಲ್ಲ. ನೋವಾದರೆ ತಾನೆ ಅಳುವುದು? ತನ್ನ ಮೈ ಸುಡುವ ವಾಸನೆಯನ್ನು ತಾನೇ ಯಾರದೋ ಮನೆಯದು ಎಂದುಕೊಂಡೆನಲ್ಲ ಎಂದು ಹೆದರಿ ಕೂತಳು.

ಇಳಕಲ್ಲಿನ ದವಾಖಾನೆಯಲ್ಲಿ ಪಟ್ಟಿ ಕಟ್ಟಿದವರು ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿದರು. ಇರಲಿಲ್ಲ. ಬೇರೆ ಕಾಯಿಲೆ? ಇಲ್ಲ ಎಂದಳು, ಅತ್ತೆ ಪಕ್ಕದಲ್ಲೇ ನಿಂತಿದ್ದಳು. ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಅದರಿಂದ ಹೊಟ್ಟೆ ಉರಿಯಿತೇ ಹೊರತು ಕಾಲಿನ ಉರಿ ತಗ್ಗಲಿಲ್ಲ.

ಮುಂದಿನ ಸಲ ಬಾಗಲಕೋಟೆಗೆ ಹೋದಾಗ ಆಕೆ ಕುಂಟುವುದನ್ನು ಕಂಡು ಅಲ್ಲಿನ ಡಾಕ್ಟರ ಪ್ರಾಚಿ ಅವರೇ ಒಳಗೆ ಕರೆದು ಮಂಚದ ಮೇಲೆ ಕೂರಿಸಿದರು. ಪ್ರಾಚಿ ಅದೇ ಊರಿನ ವಿದ್ಯಾಗಿರಿ ಬಡಾವಣೆಯ ಹುಡುಗಿ, ಮಾತು ಮೃದು, ಬಿಡುವ ಜಾತಿಯವರಲ್ಲ. ಪಟ್ಟಿ ಬಿಚ್ಚಿಸಿ ನೋಡಿದರು. ಎರಡೂ ಕಾಲು ಒಂದೇ ಥರ ಉರಿಯುತ್ತವೆಯೋ, ಬೆರಳಿಂದ ಶುರುವಾಗಿ ಮೇಲೆ ಏರಿತೋ, ಮಲಗಿದಾಗ ಹೆಚ್ಚೋ ಎಂದು ಕೇಳಿದರು. ಸೆರೆ ಕುಡಿಯುತ್ತೀರಾ ಎಂದೂ ಕೇಳಿದರು. ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ಸ್ನಾಯುವಿಗೆ ಬಡಿದರು, ಪಾದ ಜಿಗಿಯಲಿಲ್ಲ. ಕಬ್ಬಿಣದ ಕವಲೊಂದನ್ನು ಬಡಿದು ಗುಂಯ್‌ಗುಡುವಾಗ ಹೆಬ್ಬೆರಳಿನ ಎಲುಬಿಗೆ ಹಚ್ಚಿದರು.

"ಏನರೆ ನಡುಗಿದಂಗ ಆಗ್ತದೇನು?"

"ಇಲ್ರಿ."

ಕಾಲ್ಗಂಟಿಗೆ ಹಚ್ಚಿದರು. ಇಲ್ಲ. ಮೊಣಕಾಲಿಗೆ ಹಚ್ಚಿದಾಗ ಭುವನೇಶ್ವರಿ ಬೆಚ್ಚಿ, "ಹಾಂ, ಈಗ ಆತು" ಎಂದಳು.

"ಇದು ಥಂಡಿ ಅಲ್ಲ, ಭುವನೇಶ್ವರಿಯವರ. ನರ ಕೆಟ್ಟಾವ. ಈ ರೋಗ ತಾನೂ ನರ ತಿಂತದ. ಅದರ ಮ್ಯಾಲ ಟಿಬಿ ಬರಬಾರದಂತ ಕೊಟ್ಟ ಗುಳಿಗಿ ಮೈಯೊಳಗಿಂದು ಒಂದು ಜೀವಸತ್ವ ಖಾಲಿ ಮಾಡ್ತದ, ಅದು ಇಲ್ಲಂದ್ರ ನರ ಉಳಿಯೂದಿಲ್ಲ. ಅದಕ್ಕಂತ ಜೋಡಿ ಸಣ್ಣ ಗುಳಿಗಿ ಕೊಟ್ಟಿದ್ದಿವಿ. ದಿನಾ ತಗೊಂಡೀರಿಲ್ಲೋ?"

ಭುವನೇಶ್ವರಿ ಮಂಚದ ಅಂಚು ಹಿಡಿದುಕೊಂಡಳು.

"ಅದು ಶಕ್ತಿ ಗುಳಿಗಿ ಅಂದಿದ್ರಿ."

"ಹೌದು."

"ನಮ್ಮತ್ತಿ ತಿಂದಳ್ರಿ. ಮೈದುನನೂ ತಿಂದ."

ಪ್ರಾಚಿ ಕೈಯಲ್ಲಿದ್ದ ಕವಲನ್ನು ಮೇಜಿನ ಮೇಲಿಟ್ಟರು. "ಎಲ್ಲಾರಿಗೂ ಹಂಗ ಹೇಳ್ತೇವಿ. ತಿಳಿಲಿ ಅಂತ" ಎಂದರು. ಆಮೇಲೆ ಟಿಬಿಯ ಗುಳಿಗೆ ನಿಲ್ಲಿಸಿದರು, ಸಣ್ಣದನ್ನು ಹೆಚ್ಚು ಮಾಡಿದರು, ಉರಿ ತಗ್ಗಲೆಂದು ಮಲಗುವಾಗ ತಿನ್ನುವ ಇನ್ನೊಂದು ಬರೆದರು. ಬರಿಗಾಲಲ್ಲಿ ನಡೆಯಬೇಡಿ, ಬೆಂಕಿ ಬಿಸಿನೀರು ಕಾಲಿನ ಹತ್ತಿರ ತರಬೇಡಿ, ದಿನವೂ ಅಂಗಾಲು ಯಾರಿಗಾದರೂ ತೋರಿಸಿ ಎಂದರು. ಉರಿ ಕಡಿಮೆಯಾಗಬಹುದು, ಸ್ಪರ್ಶ ಎಷ್ಟು ಮರಳುತ್ತದೋ ಹೇಳಲಾಗದು ಎಂದೂ ಮುಚ್ಚಿಡದೆ ಹೇಳಿದರು. "ಮನ್ಯಾಗ ಒಬ್ಬರಿಗಾದ್ರೂ ಖರೆ ಹೇಳ್ರಿ. ಇಲ್ಲಂದ್ರ ಈ ಗುಳಿಗಿನೂ ನಿಮ್ಮ ಬಾಯಿಗೆ ಬರೂದಿಲ್ಲ."

ಆ ದಿನ ಆಕೆ ಬನಶಂಕರಿಗೆ ಹೋಗಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದಳು.

ಅತ್ತೆ ರೂಢಿಯಂತೆ ಚೀಲಕ್ಕೆ ಕೈ ಹಾಕಿ ಸಣ್ಣ ಗುಳಿಗೆಯ ಹಾಳೆ ತೆಗೆದಳು. ಭುವನೇಶ್ವರಿ ಅದರ ಇನ್ನೊಂದು ತುದಿ ಹಿಡಿದುಕೊಂಡಳು. ಆ ಮನೆಗೆ ಬಂದಮೇಲೆ ಅತ್ತೆಯ ಕೈಯಿಂದ ಏನನ್ನಾದರೂ ಹಿಂದಕ್ಕೆ ಎಳೆದದ್ದು ಅದೇ ಮೊದಲು. ಮುಚ್ಚಿಟ್ಟರೆ ಕಾಲು ಹೋಗುತ್ತದೆ, ಕಾಲು ಹೋದರೆ ಮಗ್ಗ ಹೋಗುತ್ತದೆ. ಹೇಳಿದರೆ ಬಾಯಿಗೆ ಬಂದಂತೆ ಬೈದಾರು, ಆದರೆ ನೇಯುವ ಕೈಯನ್ನು ಯಾರು ಬಿಡುತ್ತಾರೆ? ಹೀಗೆ ಲೆಕ್ಕ ಹಾಕಿದ್ದಳು ಪಾಪ. ಹುಚ್ಚು ಹೆಂಗಸು, ಇಷ್ಟು ವರ್ಷ ಆ ಮನೆಯ ಉಪ್ಪು ತಿಂದೂ ಅವರ ಗುಣ ತಿಳಿಯಲಿಲ್ಲ.

"ಇದು ನನಗ ಬೇಕ್ರಿ ಅತ್ತಿ. ನನಗ ಎಚ್‌ಐವಿ ಐತಿ. ನಿಮ್ಮ ಮಗಗೂ ಇತ್ತು. ಇದು ತಿನ್ನದ್ದಕ್ಕ ನನ್ನ ಕಾಲು ಹಿಂಗಾದುವು."

ಗುರುಸಿದ್ದವ್ವ ಮಗನ ಬಗ್ಗೆ ಏನೂ ಕೇಳಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಹಲ್ಲಿ ಬಿದ್ದಂತೆ ಕೊಡವಿದಳು. "ಹಂಗಾರ ನಾವು ತಿಂದದ್ದು?" ಎಂದಳು. ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿಕೊಂಡು ಕಕ್ಕಿದಳು. ತಿಂಗಳುಗಟ್ಟಲೆ ತಿಂದದ್ದು ಅಲ್ಲಿ ಎಲ್ಲಿ ಕೂತಿರುತ್ತದೆ! ರೋಗದವಳ ಗುಳಿಗೆ ತಿಂದರೆ ರೋಗ ಬರುತ್ತದೆ ಎಂದೇ ತಾಯಿಮಗ ಇಬ್ಬರೂ ನಂಬಿದರು. ಮರುದಿನ ಬಾಗಲಕೋಟೆಗೆ ಹೋಗಿ, ತಮ್ಮ ಗುರುತು ಯಾರಿಗೂ ಇಲ್ಲದ ಕಡೆ ರಕ್ತ ಕೊಟ್ಟು ಬಂದರು. ಏನೂ ಇರಲಿಲ್ಲ. ಇಬ್ಬರೂ ಕಲ್ಲಿನಂತೆ ಗಟ್ಟಿಯಾಗಿದ್ದರು.

ಭುವನೇಶ್ವರಿ ಬೈಗುಳಕ್ಕೆ ತಯಾರಾಗಿ ಕೂತಿದ್ದಳು. ಬೈಗುಳ ಬರಲಿಲ್ಲ. ವಿಜಯಮಹಾಂತೇಶ ಎದುರಿಗೆ ದೂರದಲ್ಲಿ ಕೂತು ಬಹಳ ಮರ್ಯಾದೆಯಿಂದ ಮಾತಾಡಿದ.

"ವೈನಿ, ಆದದ್ದು ಆತು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಮಗ್ಗದ ಮ್ಯಾಲ ಲಗ್ನದ ಸೀರಿ ಹಾಸು ಐತಿ. ಗುಳಿಗಿ ತಿನ್ರಿ, ಆರಾಮ ಆಗ್ರಿ, ನೇಯ್ರಿ."

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಅದರಲ್ಲಿ ಕೆಲವು ಸೀರೆ ಆಗುತ್ತವೆ. ಹಾಸಿದ ಹಾಸನ್ನು ಅರ್ಧಕ್ಕೆ ಕೊಯ್ದರೆ ಮನೆ ಒಡೆಯುತ್ತದೆ ಎಂದು ಆ ಓಣಿಯಲ್ಲಿ ನಂಬಿಕೆ. ಬೇರೆಯವರು ಬಂದು ಮುಂದುವರಿಸಿದರೆ ನೇಯ್ಗೆಯ ಕೈ ಬದಲಾದದ್ದು ಬಟ್ಟೆಯಲ್ಲಿ ಕಾಣುತ್ತದೆ. ಭುವನೇಶ್ವರಿಗೆ ಮಾತ್ರ ಮೈದುನನ ಮಾತು ಅಮೃತದಂತೆ ಕೇಳಿಸಿತು. ಆಕೆಯ ತಾಟು, ಲೋಟ ಬೇರೆಯಾದವು, ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು. ಹೋಗಲಿ ಬಿಡು, ಮಗ್ಗ ಉಳಿಯಿತಲ್ಲ ಎಂದುಕೊಂಡಳು.

ದಿನವೂ ಕನ್ನಡಿಯನ್ನು ನೆಲಕ್ಕಿಟ್ಟು ತನ್ನ ಅಂಗಾಲನ್ನು ತಾನೇ ನೋಡಿಕೊಂಡಳು, ತೋರಿಸಲು ಬೇರೆ ಯಾರಿದ್ದರು. ಸುಟ್ಟ ಗಾಯ ಒಣಗಿತು. ಗುಳಿಗೆ ಹತ್ತಿತು. ಮೊದಲು ನಿದ್ದೆ ಬಂತು, ಆಮೇಲೆ ಉರಿ ಒಲೆಯಿಂದ ಕಟ್ಟಿಗೆ ಹಿಂದಕ್ಕೆ ಎಳೆದಂತೆ ತಗ್ಗುತ್ತ ಬಂತು. ಮಗ್ಗದ ಹಲಗೆ ಮೊದಮೊದಲು ಮಬ್ಬಾಗಿ, ಬರಬರುತ್ತ ಸ್ವಲ್ಪ ಸ್ಪಷ್ಟವಾಗಿ ಕಾಲಿಗೆ ಸಿಗತೊಡಗಿತು. ಅಂಚು ತಪ್ಪುವುದು ನಿಂತಿತು. ಖುಷಿಗೆ ಹೆಚ್ಚು ಹೊತ್ತು ಕೂತು ನೇಯ್ದಳು. ಗುರುಸಿದ್ದವ್ವ ದಿನಾ ದೂರದಿಂದ ನೋಡುತ್ತಿದ್ದಳು. ನೇಯ್ದ ಬಟ್ಟೆಯನ್ನಲ್ಲ, ಹಾಸಿನಲ್ಲಿ ಇನ್ನೆಷ್ಟು ನೂಲು ಉಳಿದಿದೆ ಎಂಬುದನ್ನು. ಕಾಲು ಚುರುಕಾದಷ್ಟೂ ಹಾಸು ಬೇಗ ಬೇಗ ಸಾಗಿತು. ತನ್ನ ರೊಟ್ಟಿಯನ್ನು ತಾನೇ ಇಷ್ಟು ಅವಸರದಲ್ಲಿ ಮುಗಿಸಿದ ಹೆಂಗಸನ್ನು ನಾನಂತೂ ಕಂಡಿಲ್ಲ.

ಕೊನೆಯ ಸೀರೆ ಮಗ್ಗದಿಂದ ಇಳಿದ ಮರುದಿನ ಬಾಗಲಕೋಟೆಗೆ ಹೋದಳು. ಪ್ರಾಚಿ ಮತ್ತೆ ಪರೀಕ್ಷೆ ಮಾಡಿ, ಸಂತೋಷದಿಂದ, "ಭಾಳ ಸುಧಾರಿಸೀರಿ. ಇನ್ನ ಚಿಂತಿ ಇಲ್ಲ, ಮಗ್ಗ ನಡಸ್ರಿ" ಎಂದರು. ಭುವನೇಶ್ವರಿ ನಾಚಿ ನಕ್ಕಳು. ಈ ಸಲ ಬದಾಮಿಯ ಬಸ್ಸು ಹತ್ತಿ ದೇವಿಗೆ ನಿಜವಾಗಿಯೂ ಕಾಯಿ ಒಡೆಸಿದಳು. ಬೇಡಿಕೊಳ್ಳಲು ಏನೂ ಇರಲಿಲ್ಲ, ನಿನ್ನ ಉಪಕಾರ ಎಂದಷ್ಟೇ ಹೇಳಿ ಬಂದಳು.

ಸಂಜೆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಪಡಸಾಲೆ ಒಮ್ಮೆಲೇ ಅಗಲವಾಗಿ ಕಂಡಿತು. ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಗೋಡೆಗೆ ಆನಿಸಿದ್ದರು. ಕುಣಿಯನ್ನು ಕೆಮ್ಮಣ್ಣಿನಿಂದ ತುಂಬಿ, ಬಡಿದು, ಮೇಲೆ ಸೆಗಣಿ ಸಾರಿಸಿದ್ದರು. ಇನ್ನೂ ಆರಿರಲಿಲ್ಲ. ಆಕೆಯ ಬಟ್ಟೆಯ ಗಂಟು ಬಾಗಿಲ ಪಕ್ಕದಲ್ಲಿ ಇತ್ತು. ಮೈದುನ ಮನೆಯಲ್ಲಿ ಇರಲಿಲ್ಲ, ಇಂಥ ಹೊತ್ತಿಗೆ ಮರ್ಯಾದಸ್ಥರು ಮನೆಯಲ್ಲಿ ಇರುವುದಿಲ್ಲ.

"ಶಿರೂರ ಕಡೆ ಕಡೀ ಬಸ್ಸು ಇನ್ನೂ ಐತಿ" ಎಂದಳು ಗುರುಸಿದ್ದವ್ವ. "ಕಾಲು ಹ್ಯಾಂಗದಾವ ಈಗ?"

"ಆರಾಮ ಅದಾವ್ರಿ."

ಗಂಟು ಎತ್ತಿಕೊಳ್ಳಲು ಭುವನೇಶ್ವರಿ ಕುಣಿ ಇದ್ದ ಜಾಗ ದಾಟಿ ಬಂದಳು. ಹಸಿ ನೆಲದ ಮೇಲೆ ಹೆಜ್ಜೆ ಬಿತ್ತು. ಮಣ್ಣಿನಲ್ಲಿ ಉಳಿದಿದ್ದ ಒಂದು ಹರಳು ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿತು. ಚುಚ್ಚಿದ್ದು ಆಕೆಗೆ ಗೊತ್ತಾಯಿತು.